ಶ್ರೀರಂಗಪಟ್ಟಣವನ್ನು ಚಿತ್ರಿಸಿದ ರಾಬರ್ಟ್ ಹೋಮ್

ಲೋಕಪಾವನಿ ನದಿ ಕಾವೇರಿಯನ್ನು ಸೇರುವ ಕಡೆ ನಿಂತಿರುವ ಕರಿಘಟ್ಟವನ್ನು ನೋಡದ ಶ್ರೀರಂಗಪಟ್ಟಣದವರು ಇರಲಾರರು. ಮೇಲೆ ಶ್ರೀನಿವಾಸ ದೇವಾಲಯ, ಕೆಳಗೆ ಹಸಿರು ಗದ್ದೆ, ದೂರದಲ್ಲಿ ಕೋಟೆ ಮತ್ತು ಮಸ್ಜಿದೆ ಆಲಾದ ಎರಡು ಮಿನಾರುಗಳು. ಇಂತಹ ದೃಶ್ಯಗಳ ನಾಡಿಗೆ ಇನ್ನೂರು ವರ್ಷಗಳಿಗೂ ಹಿಂದೆ, ಯುದ್ಧದ ನಡುವೆ, ಒಬ್ಬ ಚಿತ್ರಕಾರ ಬಂದಿದ್ದರು. ಅವರೇ ರಾಬರ್ಟ್ ಹೋಮ್.

ಹೋಮ್ ಅವರು 1752ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಜನಿಸಿದರು. ತಂದೆ ಸೈನ್ಯದ ವೈದ್ಯರು. ಅಕ್ಕ ಆನ್ ಅವರ ಪತಿ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್. ವೈದ್ಯರ ಮನೆತನದಲ್ಲಿ ಹುಟ್ಟಿದರೂ ಇವರು ಹಿಡಿದದ್ದು ಕುಂಚವನ್ನು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತರು, ಚಿತ್ರಕಲಾವಿದೆ ಏಂಜೆಲಿಕಾ ಕೌಫ್‌ಮನ್ ಅವರಿಂದಲೂ ಪಾಠ ಹೇಳಿಸಿಕೊಂಡರು. ನಂತರ ರೋಮ್ ನಗರದಲ್ಲಿ ಅಭ್ಯಾಸ ಮಾಡಿ, ಡಬ್ಲಿನ್ನಿನಲ್ಲಿ ವೃತ್ತಿ ನಡೆಸಿ, 1791ರಲ್ಲಿ ಮದ್ರಾಸಿಗೆ ಬಂದಿಳಿದರು.

ಆಗ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಹೋಮ್ ಕಾರ್ನ್‌ವಾಲಿಸನ ಸೈನ್ಯವನ್ನು ಕೂಡಿಕೊಂಡರು. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ದೃಶ್ಯಗಳನ್ನು ಸ್ಥಳದಲ್ಲೇ ಬರೆದುಕೊಂಡರು. 1792ರ ಫೆಬ್ರವರಿ 6ರ ರಾತ್ರಿ ಇಂಗ್ಲಿಷರು ಮೂರು ದಂಡುಗಳಾಗಿ ದಾಳಿ ಮಾಡಿದಾಗ, ಮ್ಯಾಕ್ಸ್‌ವೆಲ್ಲನ ದಂಡು ವಶಪಡಿಸಿಕೊಂಡದ್ದು ಇದೇ ಕರಿಘಟ್ಟವನ್ನು. ಸಂಧಿಯಂತೆ ಟಿಪ್ಪು ಸುಲ್ತಾನರು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ಸಲ್ಲುವವರೆಗೆ ಒತ್ತೆಯಾಗಿ ಪುಟ್ಟ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನೂ ಒಪ್ಪಿಸಿದರು.

ಈ ಮಕ್ಕಳನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ದೃಶ್ಯವೇ ಹೋಮ್ ಅವರ ಅತ್ಯಂತ ಹೆಸರಾದ ತೈಲಚಿತ್ರ. ಚಿತ್ರದ ಒಂದು ಮೂಲೆಯಲ್ಲಿ, ಕಂಕುಳಲ್ಲಿ ಚಿತ್ರಗಳ ಕಟ್ಟನ್ನು ಇಟ್ಟುಕೊಂಡು ಅವರೂ ನಿಂತಿದ್ದಾರೆ. ಸ್ಥಳದಲ್ಲಿ ಬರೆದ ಚಿತ್ರಗಳು 1794ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಹೊರಬಂದವು.

ತೈಲವರ್ಣ ಆಗ ಸುಲಭದ ಮಾಧ್ಯಮವಾಗಿರಲಿಲ್ಲ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಪ್ರಾಣಿಗಳ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಲೋಹದ ಟ್ಯೂಬು ಬಂದದ್ದು 1841ರಲ್ಲಿ. ಆಮೇಲೆ ಬಯಲಿನಲ್ಲೇ ಕುಳಿತು, ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಚ್ಚಿ ಒಂದೇ ಕೂತಿನಲ್ಲಿ ಚಿತ್ರ ಮುಗಿಸುವುದು ಬಹು ಜನರಿಗೆ ಸಾಧ್ಯವಾಯಿತು. ಕರಿಘಟ್ಟವನ್ನು ಹೀಗೆ ಬರೆಯಬಯಸುವ ವಿದ್ಯಾರ್ಥಿ ಮೊದಲು ಕ್ಯಾನ್ವಾಸಿಗೆ ತೆಳುವಾಗಿ ಬಿಳಿ ಬಣ್ಣ ಸವರಬೇಕು. ಅದು ಆರುವ ಮುನ್ನ ಆಕಾಶ, ನಂತರ ದೂರದ ಬೆಟ್ಟಗಳನ್ನು ಮಸುಕು ನೀಲಿಯಲ್ಲಿ, ಕೊನೆಗೆ ಹತ್ತಿರದ ಮರ, ಗದ್ದೆಗಳನ್ನು ಗಟ್ಟಿ ಬಣ್ಣದಲ್ಲಿ ಬರೆಯಬೇಕು. ತೆಳು ಬಣ್ಣದ ಮೇಲೆ ಗಟ್ಟಿ ಬಣ್ಣ ನಿಲ್ಲುತ್ತದೆ. ಪ್ರತಿ ಸಲ ಕುಂಚ ಒರೆಸದಿದ್ದರೆ ಎಲ್ಲವೂ ಕಲಸಿ ಕೆಸರಾಗುತ್ತದೆ.

1795ರಲ್ಲಿ ಹೋಮ್ ಕಲ್ಕತ್ತೆಗೆ ಹೋಗಿ ನೆಲೆಸಿದರು. ಅಲ್ಲಿನ ಏಷಿಯಾಟಿಕ್ ಸೊಸೈಟಿಗೂ ಸೇವೆ ಸಲ್ಲಿಸಿದರು. 1814ರಲ್ಲಿ ಲಖನೌ ಸೇರಿ ನವಾಬ ಗಾಜಿಉದ್ದೀನ್ ಹೈದರರ ಆಸ್ಥಾನ ಚಿತ್ರಕಾರರಾದರು. ಭಾವಚಿತ್ರಗಳಲ್ಲದೆ ದೋಣಿ, ಅಂಬಾರಿ, ಪೀಠೋಪಕರಣಗಳ ವಿನ್ಯಾಸಗಳನ್ನೂ ಅಲ್ಲಿ ರಚಿಸಿದರು. ಟಿಪ್ಪುವಿನ ಸೋಲನ್ನು ಚಿತ್ರಿಸಿದ ಕೈ ಇನ್ನೊಬ್ಬ ಮುಸ್ಲಿಂ ದೊರೆಯ ವೈಭವವನ್ನೂ ಚಿತ್ರಿಸಿತು. 1834ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕಾನ್ಪುರದಲ್ಲಿ ನಿಧನರಾದರು.

ಹೋಮ್ ಗೆದ್ದವರ ಕಡೆ ನಿಂತು ಬರೆದವರು. ಅವರ ಚಿತ್ರದಲ್ಲಿ ಕಾರ್ನ್‌ವಾಲಿಸ್ ಕರುಣಾಮಯಿ ತಂದೆಯಂತೆ ಕಾಣುತ್ತಾನೆ. ಮಕ್ಕಳನ್ನು ಕಳಿಸಿಕೊಟ್ಟ ಮನೆಯ ದುಃಖ ಅಲ್ಲಿ ಕಾಣುವುದಿಲ್ಲ. ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರು ಸೋತ ಚಿತ್ರವಿದೆ. ನಮ್ಮ ಮಕ್ಕಳು ಎರಡನ್ನೂ ನೋಡಬೇಕು. ಕಲೆಗಾರನ ಕೈಚಳಕವನ್ನು ಮೆಚ್ಚುತ್ತಲೇ ಅವನು ಯಾರ ಪಕ್ಕದಲ್ಲಿ ನಿಂತು ನೋಡಿದ ಎಂದು ಕೇಳುವುದನ್ನು ಕಲಿಯಬೇಕು. ಕರಿಘಟ್ಟ ಇಂದಿಗೂ ಅಲ್ಲೇ ಇದೆ. ಅದನ್ನು ತಮ್ಮ ಕಣ್ಣಿನಿಂದ ಕಂಡು ಬರೆಯುವ ಕೈಗಳು ನಮ್ಮ ಶಾಲೆಗಳಿಂದ ಬರಲಿ.