ಬಿಳುಪಿನ ಮೇಲೆ ಬಿಳುಪು: ಕಾಜಿಮಿರ್ ಮಾಲೆವಿಚ್

ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಚಿಟಿಕೆ ನೀಲಿ ಬೆರೆಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹಳೆಯ ಸುಣ್ಣದ ಪಕ್ಕದಲ್ಲಿ ಹೊಸದನ್ನು ನೋಡಿದಾಗಲೇ ಬಿಳುಪಿನಲ್ಲಿಯೂ ಬಗೆಗಳುಂಟೆಂದು ತಿಳಿಯುವುದು. ಇಷ್ಟನ್ನೇ ಒಂದು ಚಿತ್ರವನ್ನಾಗಿಸಿದವನು ಕಾಜಿಮಿರ್ ಮಾಲೆವಿಚ್.

ಅವನು 1879ರಲ್ಲಿ ಉಕ್ರೇನಿನ ಕೀವ್ ಪ್ರಾಂತದಲ್ಲಿ, ಪೋಲಿಷ್ ಮನೆತನವೊಂದರಲ್ಲಿ ಜನಿಸಿದನು. ತಂದೆಗೆ ಬೀಟ್ ಸಕ್ಕರೆಯ ಕಾರ್ಖಾನೆಗಳಲ್ಲಿ ಕೆಲಸ. ಕೆಲಸವಿದ್ದ ಕಡೆಗೆ ಸಂಸಾರವೂ ಊರಿಂದೂರಿಗೆ ಸಾಗುತ್ತಿದ್ದಿತು. ಹಳ್ಳಿಗರು ಒಲೆಗೂ ಗೋಡೆಗೂ ಬರೆಯುತ್ತಿದ್ದ ಚಿತ್ತಾರವೇ ಬಾಲಕನಿಗೆ ಮೊದಲ ಪಾಠವಾಯಿತು. ಮುಂದೆ ಕುರ್ಸ್ಕ್ ಪಟ್ಟಣದ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆದು ಜೀವನ ಸಾಗಿಸಿ, ಬಳಿಕ ಮಾಸ್ಕೋ ಸೇರಿದನು.

1915ರ ಡಿಸೆಂಬರಿನಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನವೊಂದರಲ್ಲಿ ಅವನ ‘ಕಪ್ಪು ಚೌಕ’ ಕಾಣಿಸಿಕೊಂಡಿತು. ರಷ್ಯದ ಮನೆಗಳಲ್ಲಿ ದೇವರ ಪಟವಿಡುವಂತೆ, ಅದನ್ನು ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಎತ್ತರಕ್ಕೆ ತೂಗುಹಾಕಿದ್ದನು. ವಿಮರ್ಶಕರು ಕೆರಳಿದರು. ಅವನು ಹಿಮ್ಮೆಟ್ಟಲಿಲ್ಲ. ಚಿತ್ರವು ವಸ್ತುಗಳ ನಕಲಾಗದೆ ಶುದ್ಧ ಅನುಭವವಾಗಬೇಕೆಂಬುದು ಅವನ ನಂಬಿಕೆ.

1918ರಲ್ಲಿ ಕಪ್ಪನ್ನೂ ಬಿಟ್ಟನು. ಸುಮಾರು 79 ಸೆಂಟಿಮೀಟರ್ ಉದ್ದಗಲದ ಬಿಳಿಯ ಪಟದ ಮೇಲೆ ಇನ್ನೊಂದು ಬಿಳಿಯ ಚೌಕ, ಅಷ್ಟೇ. ಮೊದಲ ನೋಟಕ್ಕೆ ಏನೂ ಇಲ್ಲವೆನಿಸುತ್ತದೆ. ತುಸು ನಿಂತರೆ, ಹೊರಗಿನ ಬಿಳುಪು ಬೆಚ್ಚಗೆ, ಒಳಗಿನದು ನೀಲಿಯ ಛಾಯೆಯಿಂದ ತಂಪಾಗಿ ತೋರುತ್ತದೆ. ಕುಂಚದ ಗೆರೆಗಳು ಮೆಲ್ಲನೆ ಮೂಡುತ್ತವೆ. ಓರೆಯಾಗಿ ನಿಂತ ಆ ಚೌಕವು ಬಲಮೇಲಿನ ಅಂಚಿನತ್ತ ತೇಲಿಹೋಗುವಂತೆ ಭಾಸವಾಗುತ್ತದೆ. ಬಿಳುಪು ಅವನಿಗೆ ಅನಂತದ ಬಣ್ಣ.

1927ರಲ್ಲಿ ಚಿತ್ರಗಳನ್ನು ಬರ್ಲಿನ್ನಿಗೆ ಒಯ್ದನು. ಸ್ವದೇಶಕ್ಕೆ ಮರಳುವಾಗ, ಈ ಬಿಳಿಯ ಚಿತ್ರವೂ ಸೇರಿ, ಅವುಗಳನ್ನು ಅಲ್ಲಿಯೇ ಬಿಟ್ಟುಬಂದನು. ಮತ್ತೆ ಅವನು ಅದನ್ನು ಕಾಣಲಿಲ್ಲ. ಸೋವಿಯತ್ ಆಡಳಿತಕ್ಕೆ ಇಂತಹ ಕಲೆ ಬೇಡವಾಯಿತು. 1930ರಲ್ಲಿ ಅವನನ್ನು ಬಂಧಿಸಿ ವಿಚಾರಣೆ ನಡೆಸಿದರು. ಕೊನೆಯ ವರ್ಷಗಳಲ್ಲಿ ಮತ್ತೆ ಮನುಷ್ಯರ ಚಿತ್ರಗಳನ್ನು ಬರೆದನು. ಆದರೆ ಕೆಲವದರಲ್ಲಿ ಸಹಿಯ ಬದಲು ಪುಟ್ಟ ಕಪ್ಪು ಚೌಕವಿತ್ತು.

1935ರ ಮೇ 15ರಂದು ಲೆನಿನ್‌ಗ್ರಾಡಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡನು. ಮಾಸ್ಕೋ ಬಳಿಯ ನೆಮ್ಚಿನೋವ್ಕದಲ್ಲಿದ್ದ ಸಮಾಧಿಯ ಗುರುತು ಯುದ್ಧಕಾಲದಲ್ಲಿ ಅಳಿಸಿಹೋಯಿತು. ಅವನು ತೀರಿಕೊಂಡ ವರ್ಷವೇ ಬಿಳಿಯ ಚಿತ್ರವು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನ ಪಾಲಾಯಿತು. ಅದರ ಮುಂದೆ ಅವಸರದಿಂದ ಹಾದುಹೋಗುವವರಿಗೆ ಅದು ಖಾಲಿ ಪಟ. ತಾಳ್ಮೆಯಿಂದ ನಿಲ್ಲುವವರಿಗೆ ಮಾತ್ರ ಆ ಎರಡು ಬಿಳುಪುಗಳು ಬೇರೆ ಬೇರೆಯಾಗಿ ಕಾಣುತ್ತವೆ.