ಫ್ಲೆಮಿಂಗ್ ಮಹಾಶಯರ ಮುನ್ನೆಚ್ಚರಿಕೆ

ವಿಜಯೋತ್ಸವದ ನಡುವೆ ಮುಂದಣ ಅಪಾಯವನ್ನು ನೆನೆಯುವವರು ಲೋಕದಲ್ಲಿ ವಿರಳ. ತಮ್ಮ ಕೀರ್ತಿಗೆ ಕಾರಣವಾದ ವಸ್ತುವೇ ಒಂದು ದಿನ ನಿಷ್ಪ್ರಯೋಜಕವಾದೀತೆಂದು ಕೀರ್ತಿಶಿಖರದಲ್ಲಿ ನಿಂತು ಹೇಳಬಲ್ಲವರು ಇನ್ನೂ ವಿರಳ. ಪೆನಿಸಿಲಿನ್ ಔಷಧವನ್ನು ಕಂಡುಹಿಡಿದ ಸರ್ ಅಲೆಕ್ಸಾಂಡರ್ ಫ್ಲೆಮಿಂಗ್‌ರವರು ಅಂತಹ ವಿರಳರಲ್ಲೊಬ್ಬರು. ಅವರ ಹೆಸರನ್ನು ಕೇಳದ ವಿದ್ಯಾವಂತರಿಲ್ಲ. ಅವರು ಕೊಟ್ಟ ಎಚ್ಚರಿಕೆಯನ್ನು ಅರಿತವರಾದರೋ ಅಲ್ಪಸಂಖ್ಯಾತರೆಂದು ನಾವು ಭಾವಿಸುತ್ತೇವೆ. ಆದಕಾರಣ ಅವರ ಜೀವಿತವನ್ನು ಆ ದೃಷ್ಟಿಯಿಂದಲೇ ವಾಚಕರ ಮುಂದಿಡಬಯಸುತ್ತೇವೆ.

ಫ್ಲೆಮಿಂಗ್‌ರವರು 1881ನೆಯ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಒಕ್ಕಲು ಮನೆಯೊಂದರಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ಬಾಲ್ಯದಲ್ಲಿಯೇ ಲಂಡನ್ನಿಗೆ ಬಂದು, ಹಡಗು ಕಂಪನಿಯೊಂದರ ಕಛೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತೆಯಾಗಿ ದುಡಿದ ಮೇಲೆ, ಬಂಧುವೊಬ್ಬರ ಆಸ್ತಿಯಲ್ಲಿ ದೊರೆತ ಪಾಲಿನ ಬಲದಿಂದ 1901ರಲ್ಲಿ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯವಿದ್ಯಾಲಯವನ್ನು ಸೇರಿದರು. 1906ರಲ್ಲಿ ಪದವಿ ಪಡೆದು ಅಲ್ಲಿಯೇ ಆಲ್ಮ್‌ರಾತ್ ರೈಟರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತವರು ಬಾಳಿನ ಬಹುಭಾಗವನ್ನು ಆ ಆಸ್ಪತ್ರೆಯಲ್ಲಿಯೇ ಸವೆಸಿದರು. ಅವರು ಮಿತಭಾಷಿಗಳು, ಕಣ್ಣಿಗೆ ಬಿದ್ದ ಅಲ್ಪವಿಷಯವನ್ನೂ ಅಲಕ್ಷ್ಯಮಾಡದವರು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಬೂಲೋನ್ ನಗರದ ಸೈನಿಕ ಆಸ್ಪತ್ರೆಯಲ್ಲಿ ಸೇವೆಸಲ್ಲಿಸಿದರು. ಗಾಯಗಳಿಗೆ ಸುರಿಯುತ್ತಿದ್ದ ಕ್ರಿಮಿನಾಶಕ ದ್ರವಗಳು ಸೈನಿಕರನ್ನು ಉಳಿಸುತ್ತಿರಲಿಲ್ಲ. ಗಾಯದ ಕೊರಕಲುಗಳನ್ನು ಹೋಲುವ ಗಾಜಿನ ನಳಿಗೆಯೊಂದನ್ನು ರಚಿಸಿ ಅವರು ಇದರ ಕಾರಣವನ್ನು ತೋರಿಸಿಕೊಟ್ಟರು: ಔಷಧವು ಸಂದುಗೊಂದುಗಳನ್ನು ಮುಟ್ಟದು, ಅಲ್ಲಿ ಅಡಗಿದ ರೋಗಾಣುಗಳು ಉಳಿದು ಮತ್ತೆ ಬೆಳೆಯುವುವು. ಅರೆಕೊಲೆಯಾದ ಶತ್ರುವು ಮರಳಿ ಬರುವನೆಂಬ ಈ ಪಾಠವು ಅವರ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ತೋರುತ್ತದೆ.

1922ರಲ್ಲಿ ಅವರು ಕಣ್ಣೀರಿನಲ್ಲಿಯೂ ಮೂಗಿನ ದ್ರವದಲ್ಲಿಯೂ ಕೆಲವು ಸೂಕ್ಷ್ಮಜೀವಿಗಳನ್ನು ಕರಗಿಸಬಲ್ಲ ಲೈಸೋಜೈಮ್ ಎಂಬ ಪದಾರ್ಥವಿರುವುದನ್ನು ಪ್ರಕಟಿಸಿದರು. 1927ರಲ್ಲಿ, ಆ ಪದಾರ್ಥಕ್ಕೆ ಜಗ್ಗದ ಸೂಕ್ಷ್ಮಜೀವಿಗಳ ತಳಿಗಳು ಹುಟ್ಟಿಕೊಳ್ಳುವುದನ್ನು ಸಹೋದ್ಯೋಗಿಯೊಡನೆ ವರ್ಣಿಸಿದರು. ಪೆನಿಸಿಲಿನ್ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಮುಂದಣ ಗತಿಯ ಸೂಚನೆಯಾದರೋ ಆಗಲೇ ಅವರ ಕೈಯಲ್ಲಿತ್ತು.

1928ರ ಸೆಪ್ಟೆಂಬರಿನಲ್ಲಿ ರಜೆಯಿಂದ ಹಿಂದಿರುಗಿದಾಗ, ಕೀವುಂಟುಮಾಡುವ ಸ್ಟೆಫಿಲೊಕಾಕಸ್ ರೋಗಾಣುಗಳನ್ನು ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದು, ಅದರ ಸುತ್ತಲಿನ ರೋಗಾಣುಗಳು ನಾಶವಾಗಿದ್ದುದು ಕಂಡಿತು. ಆ ಬೂಷ್ಟಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟು 1929ರಲ್ಲಿ ವಿಷಯವನ್ನು ಪ್ರಕಟಿಸಿದರು. ಅದನ್ನು ಶೋಧಿಸಿ ಔಷಧವನ್ನಾಗಿ ಮಾಡಿದ ಶ್ರೇಯಸ್ಸು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮುಂತಾದವರದು. 1941ರಲ್ಲಿ ಆಕ್ಸ್‌ಫರ್ಡಿನ ಪೊಲೀಸನೊಬ್ಬನಿಗೆ ಆ ಔಷಧವನ್ನು ಕೊಟ್ಟಾಗ ಅವನು ಚೇತರಿಸಿಕೊಳ್ಳಲಾರಂಭಿಸಿದನು. ಐದು ದಿನಗಳಲ್ಲಿ ಔಷಧವು ಮುಗಿಯಿತು, ರೋಗವು ಮರುಕಳಿಸಿತು, ಅವನು ತೀರಿಕೊಂಡನು.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಡಿಸೆಂಬರ್ 11ರಂದು ಮಾಡಿದ ಉಪನ್ಯಾಸದ ಕೊನೆಯಲ್ಲಿ ಫ್ಲೆಮಿಂಗ್‌ರವರು ಒಂದು ಕಲ್ಪಿತ ದೃಷ್ಟಾಂತವನ್ನು ಕೊಟ್ಟರು. ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗಾದರೂ ಸಿಕ್ಕುವ ಕಾಲ ಬಂದೀತು. ಗಂಟಲುನೋವಿನ ಗೃಹಸ್ಥನೊಬ್ಬನು ತಾನೇ ಅದನ್ನು ಕೊಂಡು ಸಾಲದಷ್ಟು ಪ್ರಮಾಣದಲ್ಲಿ ಸೇವಿಸುವನು. ಅವನೊಳಗಿನ ಸ್ಟ್ರೆಪ್ಟೊಕಾಕಸ್ ರೋಗಾಣುಗಳು ಸಾಯದೆ ಔಷಧವನ್ನೆದುರಿಸಲು ಕಲಿಯುವುವು. ಅವು ಹೆಂಡತಿಗೆ ಅಂಟಿ, ಆಕೆಗೆ ನ್ಯುಮೋನಿಯ ಬಂದು, ಪೆನಿಸಿಲಿನ್ ಫಲಿಸದೆ ಆಕೆಯು ಮೃತಳಾಗುವಳು. ಆ ಮರಣಕ್ಕೆ ಕಾರಣನು ಗಂಡನೇ ಎಂಬುದು ಅವರ ಅಭಿಪ್ರಾಯ.

ಭವಿಷ್ಯವು ಫಲಿಸಿತೇ? ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು ಪರೀಕ್ಷಿಸಿದ ಸ್ಟೆಫಿಲೊಕಾಕಸ್ ತಳಿಗಳಲ್ಲಿ ಪೆನಿಸಿಲಿನ್ನಿಗೆ ಬಗ್ಗದವು 1946ರಲ್ಲಿ ನೂರಕ್ಕೆ ಸುಮಾರು 14. 1948ರಲ್ಲಿ ಸುಮಾರು 59. ಅವುಗಳನ್ನು ಅಡಗಿಸಲು 1959ರಲ್ಲಿ ಮೆಥಿಸಿಲಿನ್ ಎಂಬ ಹೊಸ ಔಷಧ ಬಂದಿತು. 1961ರಲ್ಲಿಯೇ ಅದಕ್ಕೂ ಬಗ್ಗದ ತಳಿಯ ವಾರ್ತೆ ಪ್ರಕಟವಾಯಿತು. ಆಶ್ಚರ್ಯವೆಂದರೆ, ಫ್ಲೆಮಿಂಗ್‌ರವರು ದೃಷ್ಟಾಂತವಾಗಿ ಆರಿಸಿಕೊಂಡ, ಗಂಟಲುನೋವಿನ ಸ್ಟ್ರೆಪ್ಟೊಕಾಕಸ್ಸು ಮಾತ್ರ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತಲೇ ಇದೆ. ನಿಯಮವನ್ನು ಅವರು ಸರಿಯಾಗಿ ಕಂಡರು, ಉದಾಹರಣೆಯಲ್ಲಿ ತಪ್ಪಿದರು.

ಇದರಿಂದ ಅವರ ಹಿರಿಮೆ ಕುಂದುವುದಿಲ್ಲ. ಸೂಕ್ಷ್ಮಜೀವಿಗಳ ಪರಿಣಾಮದ ರೀತಿಯೇ ಅಂತಹದು. ರೋಗಾಣುಗಳು ಮನುಷ್ಯರಂತೆ ಪಾಠ ಕಲಿಯುವುದಿಲ್ಲ. ಕೆಲವು ಜಾತಿಗಳು ಅನುಕೂಲವಾದೆಡೆಯಲ್ಲಿ 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುವುವು; ಕೋಟ್ಯಂತರ ಸಂತತಿಯಲ್ಲಿ ಎಲ್ಲಿಯೋ ಒಂದಕ್ಕೆ ಆಕಸ್ಮಿಕವಾಗಿ ಮಾರ್ಪಾಟು ಉಂಟಾಗುವುದು. ಇಂತಹ ಮಾರ್ಪಾಟುಗಳು ಶತ್ರುವನ್ನು ಎದುರಿಸುವುದಕ್ಕೆ ಮೊದಲೇ ಹುಟ್ಟಿರುವುವೆಂಬುದನ್ನು 1943ರಲ್ಲಿ ಲೂರಿಯ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ತೋರಿಸಿದರು. ಔಷಧವು ದುರ್ಬಲಗಳನ್ನು ಕೊಂದು ಪ್ರಬಲಕ್ಕೆ ಜಾಗ ತೆರವುಮಾಡುವುದು. ಅಷ್ಟೇ ಅಲ್ಲದೆ, ಒಂದು ರೋಗಾಣುವು ತನ್ನ ರಕ್ಷಣೆಯ ಗುಣವನ್ನು ನೆರೆಯದಕ್ಕೆ ದಾನಮಾಡಲೂ ಬಲ್ಲುದು. ಹೀಗಿರುವಲ್ಲಿ ಪ್ರತಿರೋಧವು ಬರುವುದೆಂದು ಹೇಳಬಹುದು. ಯಾವ ಜಾತಿಯಲ್ಲಿ, ಯಾವ ವರ್ಷದಲ್ಲಿ ಎಂದು ಹೇಳುವುದು ಇಂದಿನ ವಿಜ್ಞಾನಕ್ಕೂ ದುಸ್ಸಾಧ್ಯ.

ಹಾಗಾದರೆ ನಮ್ಮ ಕರ್ತವ್ಯವೇನು? ಮಳೆ ಬರುವ ಗಳಿಗೆ ತಿಳಿಯದೆಂದು ಒಕ್ಕಲಿಗನು ಕೆರೆಯ ಏರಿಯನ್ನು ಭದ್ರಪಡಿಸದೆ ಬಿಡುವನೇ? 2019ರಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಮೃತರಾದರೆಂದು ತಜ್ಞರು ಅಂದಾಜುಮಾಡಿದ್ದಾರೆ. ನಮ್ಮ ದೇಶದ ಸರ್ಕಾರವು 2013ರಲ್ಲಿ ಇಂತಹ ಕೆಲವು ಔಷಧಗಳನ್ನು ಎಚ್-1 ಎಂಬ ಅನುಸೂಚಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದ ಲೆಕ್ಕವನ್ನು ಮೂರು ವರ್ಷ ಕಾದಿಡಬೇಕೆಂದೂ ವಿಧಿಸಿತು. ವಿಧಿಯು ಕಾಗದದಲ್ಲಿದ್ದರೆ ಸಾಲದು. ಅಂಗಡಿಯ ಮೆಟ್ಟಿಲಲ್ಲಿ ನಿಂತ ನಮ್ಮ ಮನಸ್ಸಿನಲ್ಲಿಯೂ ಇರಬೇಕು. ನೆಗಡಿಗೆ ವೈರಸ್ಸು ಕಾರಣ. ಅದರ ಮೇಲೆ ಈ ಔಷಧಗಳದೇನೂ ನಡೆಯದು. ಆದರೂ ನೆಗಡಿಗೆಂದು ನಾಲ್ಕು ಮಾತ್ರೆ ಬೇಡುವವರೂ, ಕಳೆದ ಸಲ ಉಳಿದ ಮಾತ್ರೆಯನ್ನು ನೆರೆಮನೆಯವರಿಗೆ ಕೊಡುವವರೂ ನಮ್ಮಲ್ಲಿ ಕಡಮೆಯೇ?

ಫ್ಲೆಮಿಂಗ್‌ರವರು 1955ರ ಮಾರ್ಚ್ 11ರಂದು ಕಾಲವಾದರು. ಲಂಡನ್ನಿನ ಸೇಂಟ್ ಪಾಲ್ ಮಂದಿರದಲ್ಲಿ ಅವರ ಅಸ್ಥಿಗೆ ಸ್ಥಳ ದೊರೆಯಿತು. ಅದಕ್ಕಿಂತಲೂ ಮಿಗಿಲಾದ ಸ್ಮಾರಕವನ್ನು ನಾವು ಕಟ್ಟಬಲ್ಲೆವು. ವೈದ್ಯರು ಬೇಡವೆಂದಾಗ ಬಿಡುವುದು, ಬೇಕೆಂದಾಗ ಅವರು ಹೇಳಿದಷ್ಟನ್ನು ಹೇಳಿದಂತೆ ಸೇವಿಸುವುದು: ಇಷ್ಟೇ ಆ ಸ್ಮಾರಕ. ಅವರ ದೃಷ್ಟಾಂತದ ಗೃಹಸ್ಥನಿಗೆ ಹೆಸರಿರಲಿಲ್ಲ. ಆ ಹೆಸರು ನಮ್ಮದಾಗದಂತೆ ನೋಡಿಕೊಳ್ಳುವುದು ನಮ್ಮ ನಮ್ಮ ಕೈಯಲ್ಲಿಯೇ ಇದೆ.