ದುರ್ಬೀನಿನೊಡನೆ ಗೋವೆಗೆ ಬಂದ ಫಾದರ್ ಶ್ರೆಕ್



ನಮ್ಮ ಯುವಕೂಟಕ್ಕೆ ಒಂದು ದುರ್ಬೀನು ಕೊಳ್ಳಬೇಕೆಂಬ ಮಾತು ಕೆಲವು ತಿಂಗಳಿಂದ ನಡೆದಿದೆ. ಕೈಯಲ್ಲಿರುವ ಹಣ ಸ್ವಲ್ಪ, ಯಾವ ಐಪೀಸ್ ಬೇಕು ಎಂಬ ಚರ್ಚೆ ಮಾತ್ರ ಬಹಳ. ನಿರ್ಧಾರಕ್ಕೆ ಮೊದಲು ಒಬ್ಬ ಯೇಸುಸಭೆಯ ಗುರುವಿನ ಬಾಳನ್ನು ನೆನೆಯೋಣ. ನಾಲ್ಕು ನೂರು ವರ್ಷಗಳ ಹಿಂದೆ ಇದೇ ಗೋವೆಯಲ್ಲಿ ಹಡಗಿನಿಂದ ಇಳಿದವರು ಅವರು. ಯುರೋಪಿನ ವಿದ್ವಾಂಸರಿಗೆ ಟೆರೆಂಶಿಯಸ್, ಚೀನಾದವರಿಗೆ ಡೆಂಗ್ ಯುಹಾನ್. ತಂದೆತಾಯಿ ಕೊಟ್ಟ ಹೆಸರು ಯೊಹಾನ್ ಶ್ರೆಕ್.

ಶ್ರೆಕ್ ದಕ್ಷಿಣ ಜರ್ಮನಿಯಲ್ಲಿ 1576ರಲ್ಲಿ ಹುಟ್ಟಿದರು. ವೈದ್ಯಶಾಸ್ತ್ರ ಕಲಿತರು. ಪ್ಯಾರಿಸಿನಲ್ಲಿ ಹೆಸರಾಂತ ಗಣಿತಜ್ಞ ವಿಯೆತ್ ಅವರ ಬಳಿ ಗಣಿತ ಕಲಿತರು. ಗಿಡಮೂಲಿಕೆಗಳ ಜ್ಞಾನವೂ ಹಲವು ಭಾಷೆಗಳೂ ಅವರಿಗೆ ಒಲಿದಿದ್ದವು. 1611ರ ಏಪ್ರಿಲ್‌ನಲ್ಲಿ ರೋಮಿನ ಗುಡ್ಡವೊಂದರ ಮೇಲೆ ಗೆಲಿಲಿಯೋ ಗೌರವಾರ್ಥ ಔತಣ ನಡೆಯಿತು. ಅಲ್ಲಿ ಗೆಲಿಲಿಯೋನ ಕೊಳವೆಗೆ ಟೆಲಿಸ್ಕೋಪ್ ಎಂಬ ಹೆಸರು ಬಂತು. ಅತಿಥಿಗಳಲ್ಲಿ ಶ್ರೆಕ್ ಕೂಡ ಇದ್ದರು. ಲಿಂಚೆಯಿ ಎಂಬ ವಿದ್ವತ್ ಸಂಸ್ಥೆ ಗೆಲಿಲಿಯೋನನ್ನು ಸದಸ್ಯನಾಗಿ ಸೇರಿಸಿಕೊಂಡ ಕೆಲವೇ ದಿನಗಳಲ್ಲಿ ಇವರನ್ನೂ ಸೇರಿಸಿಕೊಂಡಿತು. ಹೆಸರು, ಹಣ, ರಾಜಾಶ್ರಯ ಎಲ್ಲವೂ ಕೈಗೆಟಕುವಂತಿತ್ತು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಅವರು ಎಲ್ಲವನ್ನೂ ಬಿಟ್ಟು ಯೇಸುಸಭೆ ಸೇರಿದರು. ಒಳ್ಳೆಯ ಜೊತೆಗಾರನನ್ನು ಕಳೆದುಕೊಂಡೆವೆಂದು ಗೆಲಿಲಿಯೋಗೆ ಬೇಸರವಾಯಿತು.

ಅದೇ 1611ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಗೆಲಿಲಿಯೋನ ದುರ್ಬೀನಿನಲ್ಲಿ ಕಣ್ಣಿನ ಕಡೆ ಇದ್ದದ್ದು ನಿಮ್ನ ಮಸೂರ, ಅಂದರೆ ನಡುವೆ ತೆಳುವಾದ ಗಾಜು. ನೋಟ ನೆಟ್ಟಗೆ ಕಾಣುತ್ತಿತ್ತು, ಆದರೆ ಕಿಂಡಿಯಲ್ಲಿ ಇಣುಕಿದಷ್ಟೇ ಕಿರಿದು. 20 ಪಟ್ಟು ದೊಡ್ಡದು ಮಾಡಿದರೆ ಚಂದ್ರನ ಅರ್ಧ ಅಗಲ ಮಾತ್ರ ಕಾಣುತ್ತಿತ್ತು. ಕಣ್ಣಿನ ಕಡೆ ನಡುವೆ ದಪ್ಪವಾದ ಪೀನ ಮಸೂರ ಇಟ್ಟರೆ ನೋಟ ತಲೆಕೆಳಗಾದರೂ ವಿಶಾಲವಾಗುತ್ತದೆ ಎಂದು ಕೆಪ್ಲರ್ ಆ ವರ್ಷ ಬರೆದು ತೋರಿಸಿದ. ಇಂದು ನಾವು ಕೊಳ್ಳುವ ಐಪೀಸ್‌ಗಳೆಲ್ಲ ಕೆಪ್ಲರನ ಈ ದಾರಿಯವೇ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ನಾಲ್ಕು ಗಾಜಿನ ಪ್ಲೋಸಲ್, 1860ರಲ್ಲಿ ವಿಯೆನ್ನಾದ ಪ್ಲೋಸಲ್ ರೂಪಿಸಿದ್ದು.

ಶ್ರೆಕ್ ಮತ್ತು ಫಾದರ್ ಟ್ರಿಗೋ ಚೀನಾದ ಸೇವೆಗಾಗಿ ಯುರೋಪಿನ ಅರಮನೆಗಳನ್ನು ಸುತ್ತಿ ಪುಸ್ತಕ, ಉಪಕರಣಗಳನ್ನು ಕೂಡಿಸಿದರು. 1618ರ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟರು. ಹಡಗಿನಲ್ಲಿ ಜ್ವರ ಹಬ್ಬಿತು, ಸಂಗಡಿಗರಲ್ಲಿ ಕೆಲವರು ಸಮುದ್ರದಲ್ಲೇ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಉಳಿದವರು ಗೋವೆ ಮುಟ್ಟಿದರು. ಸಂತ ಫ್ರಾನ್ಸಿಸ್ ಝೇವಿಯರ್ ಅವರನ್ನು ಸಂತರೆಂದು ಘೋಷಿಸಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು.

ಮುಂದಿನ ತಿಂಗಳೇ ಗೋವೆಯ ಆಕಾಶದಲ್ಲಿ ಬಾಲಚುಕ್ಕಿಗಳು ಮೂಡಿದವು. ವಿಜಯಪುರದ ಆದಿಲ್‌ಶಾಹಿ ನಾಡಿನ ನಮ್ಮ ಹಿರಿಯರೂ ಅವನ್ನು ಕಂಡಿರಬೇಕು. ಮೊಘಲ್ ದೊರೆ ಜಹಾಂಗೀರ್ ತನ್ನ ನೆನಪಿನ ಪುಸ್ತಕದಲ್ಲಿ ಅದನ್ನು ದಾಖಲಿಸಿದ್ದಾನೆ. ಜನ ಕೇಡು ಬಂತೆಂದು ಹೆದರುತ್ತಿದ್ದರೆ, ಶ್ರೆಕ್ ಅವರ ಜೊತೆಗಾರ ಫಾದರ್ ಕಿರ್ವಿಟ್ಜರ್ ಅದರ ಸ್ಥಾನವನ್ನು ದಿನದಿನವೂ ಗುರುತು ಹಾಕಿದರು. ಆ ವರದಿ 1620ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು. ಭಾರತದಲ್ಲಿ ಆಕಾಶಕ್ಕೆ ದುರ್ಬೀನು ಹಿಡಿದ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು ಎಂದು ಚರಿತ್ರಕಾರರು ಎಣಿಸುತ್ತಾರೆ. ಶ್ರೆಕ್ ಇಲ್ಲಿದ್ದಷ್ಟು ದಿನ ನಮ್ಮ ನಾಡಿನ ಗಿಡ, ಪ್ರಾಣಿಗಳ ವಿವರವನ್ನೂ ಬರೆದಿಟ್ಟುಕೊಂಡರು. ಆ ಬರಹ ಕಳೆದುಹೋಗಿದೆ.

1619ರಲ್ಲಿ ಅವರು ಮಕಾವು ತಲುಪಿ ಮುಂದೆ ಬೀಜಿಂಗ್‌ಗೆ ಹೋದರು. ಅಲ್ಲಿ ಪಂಚಾಂಗ ತಪ್ಪುತ್ತಿತ್ತು, ಗ್ರಹಣಗಳು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಲೆಕ್ಕ ತಿಳಿಸಿಕೊಡಿ ಎಂದು ಗೆಲಿಲಿಯೋನನ್ನು ಕೇಳಿಸಿದರು, ನೆರವು ಬರಲಿಲ್ಲ. 1623ರಲ್ಲಿ ಶ್ರೆಕ್ ಬರೆದ ಪತ್ರ ಜರ್ಮನಿಯ ಯೇಸುಸಭೆಯವರ ಮೂಲಕ ಕೆಪ್ಲರನ ಕೈ ಸೇರಿತು. ಕೆಪ್ಲರ್ ಲೂಥರನ್ ಪಂಥದವನು. ಆದರೂ ಪ್ರಶ್ನೆಗಳಿಗೆ ಮನಸ್ಸಿಟ್ಟು ಉತ್ತರ ಬರೆದು 1630ರಲ್ಲಿ ಅಚ್ಚು ಹಾಕಿಸಿದ. ಅಷ್ಟರಲ್ಲಿ, 1629ರ ಜೂನ್ ಗ್ರಹಣದ ಸಮಯವನ್ನು ಯೇಸುಸಭೆಯವರು ಎಲ್ಲರಿಗಿಂತ ಸರಿಯಾಗಿ ಹೇಳಿದ್ದರಿಂದ ಪಂಚಾಂಗ ತಿದ್ದುವ ಕೆಲಸ ಅವರ ಪಾಲಿಗೆ ಬಂದಿತ್ತು. ಆದರೆ 1630ರ ಮೇ ತಿಂಗಳಲ್ಲಿ ಶ್ರೆಕ್ ತೀರಿಕೊಂಡರು. ಅದೇ ನವೆಂಬರ್‌ನಲ್ಲಿ ಕೆಪ್ಲರನೂ ಹೋದ. ಕೇಳಿದವರು ಉತ್ತರ ಕಾಣಲಿಲ್ಲ. ಉಳಿದ ಕೆಲಸವನ್ನು, ಗೋವೆಗೆ ಅದೇ ಹಡಗಿನಲ್ಲಿ ಬಂದಿದ್ದ ಫಾದರ್ ಶಾಲ್ ಮತ್ತು ಫಾದರ್ ರೋ ಮುಂದುವರಿಸಿದರು.

ಈಗ ನಮ್ಮ ಐಪೀಸ್ ವಿಷಯ. ನಾವು ನೋಡುತ್ತಿರುವ ದುರ್ಬೀನಿನ ಕನ್ನಡಿ 114 ಮಿಲಿಮೀಟರ್ ಅಗಲ, ಸಂಗಮದೂರ 900. ಈ 900ನ್ನು ಐಪೀಸ್ ಮೇಲೆ ಬರೆದ ಅಂಕಿಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 25ರದ್ದು 36 ಪಟ್ಟು: ಮೂರು ಚಂದ್ರರು ಸಾಲಾಗಿ ಹಿಡಿಯುವಷ್ಟು ನೋಟ. ಬಾಲಚುಕ್ಕಿಗೆ, ಕೃತ್ತಿಕೆಗೆ ಇದೇ ಸರಿ. 10ರದ್ದು 90 ಪಟ್ಟು: ಚಂದ್ರ ಪೂರ್ತಿಯಾಗಿ ಹಿಡಿಯುತ್ತಾನೆ, ಶನಿಯ ಬಳೆ ಚೆನ್ನಾಗಿ ಕಾಣುತ್ತದೆ. 4ರದ್ದು 225 ಪಟ್ಟು: ಮತ್ತೆ ಅರ್ಧ ಚಂದ್ರನಷ್ಟೇ ಕಿಂಡಿ, ಕರಾವಳಿಯ ತೇವದ ಗಾಳಿಯಲ್ಲಿ ನಡುಗುವ ಚಿತ್ರ. ಕನ್ನಡಕ ಹಾಕುವವರಿಗೆ ಅದರಲ್ಲಿ ಕಣ್ಣು ಇಡುವುದೂ ಕಷ್ಟ. ದೊಡ್ಡ ಅಂಕಿಯ ಆಸೆಗೆ ಹಣ ಕಳೆಯುವುದು ಬೇಡ. 25 ಮತ್ತು 10, ಎರಡು ಒಳ್ಳೆಯ ಪ್ಲೋಸಲ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಮುಂದಿನ ಭಾನುವಾರ ಕನ್ನಡ ಬಲಿಪೂಜೆಯ ನಂತರ ಕೂಡಿ ನಿರ್ಧರಿಸೋಣ. ಬೇರೆ ಅಭಿಪ್ರಾಯ ಇದ್ದವರು ತಪ್ಪದೆ ಬನ್ನಿ. ಕೊಂಕಣಿ ಬಳಗದ ಯುವಕರನ್ನೂ ಕರೆದಿದ್ದೇವೆ. ಲೂಥರನ್ ಕೆಪ್ಲರನೂ ಯೇಸುಸಭೆಯ ಶ್ರೆಕ್ ಅವರೂ ಭೂಮಿಯ ಎರಡು ತುದಿಗಳಿಂದ ಒಂದೇ ಆಕಾಶದ ಮಾತಾಡಿದರು. ಒಂದೇ ಗುಡಿಯ ಅಂಗಳದಲ್ಲಿ ನಿಂತು ನೋಡಲು ನಮಗೇನು ಅಡ್ಡಿ?